ನಡುವೆ ತೂರಿದ ಖಾನೆ

ಸೆಕ್ಯುರಿಟಿಯವನ ಕೈಯಲ್ಲಿ ನನ್ನ ಕಾಲರ್ ಇತ್ತು. ನನ್ನ ಕೈಯಲ್ಲಿ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಇತ್ತು.

ಯಾರು ಮೊದಲು ಎಳೆಯುತ್ತಾರೆ ಅನ್ನುವುದಷ್ಟೇ ಬಾಕಿ.

ಬಾಗಿಲಲ್ಲಿ ಭಾವ ಏದುಸಿರು ಬಿಡುತ್ತ ನಿಂತಿದ್ದರು. ಅಕ್ಕನ ಗಂಡ, ಈ ಕಂಪನಿಯ ಮ್ಯಾನೇಜರ್. ಸಾಫ್ಟ್‌ವೇರ್‌ನ ತಪ್ಪು ಹುಡುಕುವುದೇ ಕಸುಬಾದ ನನ್ನನ್ನು ಬೆಳಿಗ್ಗೆ ಕರೆಸಿದವರೂ ಅವರೇ.

ಸಣ್ಣ ಕೆಲಸ ಅಂದಿದ್ದರು. ಆಸ್ಪತ್ರೆಯಲ್ಲಿ ರೋಗಿಯ ನರಕ್ಕೆ ಔಷಧಿ ಬಿಡುವ ಪಂಪ್ ಇರುತ್ತದಲ್ಲ, ಅದರ ಸಾಫ್ಟ್‌ವೇರ್ ಇವರದು. ಮಧ್ಯಾಹ್ನ ಅದರ ಒಂದು ಭಾಗಕ್ಕೆ ಹೊಸ ವರ್ಶನ್ ಹೋಗಬೇಕು. ಉಳಿದದ್ದು ಹಳೆಯದೇ. ಹೊಸದು ಹಳೆಯದರ ಜೊತೆ ಹೊಂದುತ್ತದೋ ಇಲ್ಲವೋ ನೋಡಲು ಒಂದು ಚೆಕರ್ ಇದೆ. ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅಪ್‌ಗ್ರೇಡ್ ಆದದ್ದೇ ತಡ, ಚೆಕರ್‌ಗೆ ಹುಚ್ಚು ಹಿಡಿಯಿತು. ಸ್ಕ್ರೀನ್ ತುಂಬ ಕೆಂಪು.

"ಎಲ್ಲಾ ಸುಳ್ಳು ಅಲಾರಂ ಅಂತ ಒಂದ್ಮಾತು ಹೇಳ್ಬಿಡು. ನಿನ್ನ ಮಾತನ್ನ ಮೇಲಿನವರು ನಂಬ್ತಾರೆ."

ಕೂತು ನೋಡಿದೆ. ಭಾವ ಹೇಳಿದ್ದು ನಿಜವೇ... ಹೊಸ ಕಂಪೈಲರ್ ಅದೇ ಡೇಟಾವನ್ನು ಬೇರೆ ಥರ ವಿವರಿಸುತ್ತಿತ್ತು. ಜಾಗ ಅದೇ, ಅಳತೆ ಅದೇ. ಗಂಡ ಅಂಗಿ ಬದಲಿಸಿ ಬಂದರೆ ಹೆಂಡತಿ ಕಳ್ಳ ಅಂತ ಕೂಗಿಕೊಂಡ ಹಾಗೆ.

ಸುಳ್ಳು. ಸುಳ್ಳು. ಇದೂ ಸುಳ್ಳು.

ಆಮೇಲೆ ಬೆರಳು ನಿಂತಿತು.

ಡೇಟಾದ ಸಾಲಿನಲ್ಲಿ ರೋಗಿಯ ತೂಕಕ್ಕೆಂದು ಯಾರೋ ಹೊಸ ಖಾನೆ ಸೇರಿಸಿದ್ದರು. ಕೊನೆಯಲ್ಲಲ್ಲ... ನಡುವೆ! ಔಷಧಿಯ ಪ್ರಮಾಣ ಒಂದು ಮನೆ ಕೆಳಗೆ ಸರಿದಿತ್ತು. ಹಳೆಯ ಪ್ರೋಗ್ರಾಂಗೆ ಅದು ಹೇಗೆ ಗೊತ್ತಾಗಬೇಕು? ಪ್ರಮಾಣ ಅಂದುಕೊಂಡು ತೂಕವನ್ನು ಓದುತ್ತದೆ. ಅಷ್ಟೂ ಔಷಧಿ ನರಕ್ಕೆ.

ಪಕ್ಕದಲ್ಲೇ ಬರೆದವರ ಹೆಸರು. ಭಾವನದು.

ತೋರಿಸಿದೆ. ಆ ಸಾಲನ್ನು ಎರಡು ಸಲ ಓದಿದರು. ಆದರೂ ಚೆಕರ್ ಆಫ್ ಮಾಡಿದರು, ಆಸ್ಪತ್ರೆಗಳಿಗೆ ಅಪ್‌ಡೇಟ್ ಕಳಿಸುವ ಬಟನ್ ಒತ್ತಿದರು.

ನಾನು ಓಡಿದೆ. ಮೆಟ್ಟಿಲು, ಕಾರಿಡಾರ್, ಸರ್ವರ್ ರೂಮ್. ಬೆನ್ನಿಗೆ ಬಿದ್ದ ಸೆಕ್ಯುರಿಟಿಯವನು ಅಲ್ಲೇ ಕಾಲರ್ ಹಿಡಿದದ್ದು.

"ನಾಳೆ ಸರಿ ಮಾಡ್ತೀನಿ ಕಣೋ," ಭಾವ ಬಾಗಿಲಿಂದಲೇ ಅಂಗಲಾಚಿದರು. "ಈಗ ನಿಂತ್ರೆ ನನ್ನ ಕೆಲಸ ಹೋಗುತ್ತೆ. ನಿಮ್ಮಕ್ಕನ ಮುಖ ನೋಡಾದ್ರೂ ಬಿಡು."

"ಪಂಪ್‌ಗೆ ಮುಖ ನೋಡೋಕೆ ಬರಲ್ಲ ಭಾವ."

ಎಳೆದೆ.

ಅಪ್‌ಡೇಟ್ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಗದ್ದಲಕ್ಕೆ ಮೇಲಿನವರು ಇಳಿದುಬಂದರು. ಕೆಂಪಿನ ನಡುವಿನ ಆ ಒಂದು ಸಾಲು ತೋರಿಸಿದೆ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ನನ್ನನ್ನು ರಸ್ತೆಗೆ ದಬ್ಬಿದರು, ಹಿಂದೆಯೇ ಭಾವನನ್ನೂ.

ಇಬ್ಬರೂ ಫುಟ್‌ಪಾತ್ ಮೇಲೆ ಬಟ್ಟೆ ಕೊಡವಿಕೊಳ್ಳುತ್ತಿದ್ದೆವು. ನನ್ನ ಫೋನ್ ಬಡಿದುಕೊಂಡಿತು. ಅಕ್ಕ.

ಇದಂತೂ ಸುಳ್ಳು ಅಲಾರಂ ಅಲ್ಲ.