ಮುರಲೀಧರನ ಜಾಗದಲ್ಲಿ

"ಹಾಡು ಬೇಕಾದರೆ ತೆಗೆದುಕೊಳ್ಳಿ, ಅಂಕಿತ ಮಾತ್ರ ಬದಲು ಮಾಡ್ಬೇಡಿ," ಎಂದಳು ಅಕ್ಕು. ಬೋಳೂರಿನ ಭಜನಾ ಮಂದಿರಕ್ಕೆ ಹಾಡು ಕಟ್ಟುವ ಸೇಸಪ್ಪನ ತಂಗಿ ಅವಳು. "ಅದು ದನಿ ಒಪ್ಪಿಸುವ ಹಾಡು. ಕೊನೆಗೆ ಯಾರ ಹೆಸರು ಉಂಟೋ, ಹಾಡಿದವರ ದನಿ ಅವರಿಗೆ ಹೋಗ್ತದೆ. ದೇವರಾದರೆ ತಿರುಗಿ ಕೊಡ್ತಾನೆ. ಮನುಷ್ಯನಿಗೆ ಕೊಡ್ಲಿಕ್ಕೆ ಬರುವುದಿಲ್ಲ."

ಲೀಲಾಧರ ನಕ್ಕುಬಿಟ್ಟ. ಮುಂಬಯಿಯಿಂದ ಬಂದು ಮಂಗಳೂರಿನ ನಾಟಕ ಕಂಪೆನಿಯೊಂದಕ್ಕೆ ಸಂಗೀತ ಕೂಡಿಸುತ್ತಿದ್ದವನು. ದೇವರನ್ನೇ ನಂಬದವನಿಗೆ ಹಾಡಿನ ಭಯವೆಲ್ಲಿಯದು? ಅವನ ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಹಾರ್ಮೋನಿಯಂ ಮುಂದೆ ಬೆವರಿಳಿಸಿ ಅವನು ಕಟ್ಟಿದ್ದು ಪರದೆ ಬೀಳುವುದರೊಳಗೆ ಸಾಯುತ್ತಿತ್ತು. ಸೇಸಪ್ಪ ಬಲೆ ಎಳೆಯುತ್ತ ಗುನುಗಿದ್ದನ್ನು ಬಂದರಿನಿಂದ ಕದ್ರಿಯವರೆಗೆ ಊರೇ ಹಾಡುತ್ತಿತ್ತು.

'ನನ್ನ ದನಿ ನಿನಗೆ, ಮುರಲೀಧರ' ಎಂಬ ಕೊನೆಯ ಸಾಲನ್ನು 'ನನ್ನ ದನಿ ನಿನಗೆ, ಲೀಲಾಧರ' ಎಂದು ತಿದ್ದಿದ. ಮಾತ್ರೆ ಸರಿಯಾಗಿ ಕೂತಿತು. ಲೀಲಾಧರನೆಂದರೂ ಕೃಷ್ಣನೇ ತಾನೇ, ಯಾರು ಕೇಳುತ್ತಾರೆ?

ಮೊದಲ ಪ್ರಯೋಗದಲ್ಲಿ ಗ್ಯಾಸ್‌ಲೈಟಿನ ಬುಸುಗುಟ್ಟುವಿಕೆಯನ್ನೂ ಮೀರಿ ಜನ ದನಿಗೂಡಿಸಿದರು. ಎದುರಿನ ಸಾಲಿನಲ್ಲಿ ಕೂತಿದ್ದ ಸೇಸಪ್ಪನೂ ಅದು ಕೃಷ್ಣನದೇ ಹೆಸರೆಂದು ಕಣ್ಣು ಮುಚ್ಚಿ ಹಾಡಿದ. ಪುಣ್ಯಾತ್ಮನಿಗೆ ಸಿಟ್ಟೇ ಬರಲಿಲ್ಲ. ಮರುದಿನದಿಂದ ಅವನಿಗೆ ಮಾತು ಹೊರಡಲಿಲ್ಲ. ಲೀಲಾಧರನಿಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ನಾಯಕಿ ರೊಸಾಲಿನ್ ಮೂಕಿಯಾದಳು. ಬಳಿಕ ಹಾಡಿದ ಒಬ್ಬೊಬ್ಬರೇ. ಒಂದು ಬೆಳಿಗ್ಗೆ ಕಾಫಿಗೆಂದು ಬಾಯಿ ತೆರೆದ ಲೀಲಾಧರನ ಗಂಟಲಿನಿಂದ ಸೇಸಪ್ಪನ ದನಿ ಎದ್ದು ಆ ಸಾಲನ್ನು ಹಾಡಿತು. ಹಿಂದೆಯೇ ರೊಸಾಲಿನ್‌ಳದು. ಬಾಯಿಯಿಂದ ಒಣಮೀನಿನ ವಾಸನೆ, ಮಲ್ಲಿಗೆಯ ವಾಸನೆ, ಯಾರು ಯಾರದೋ ಎಲೆಯಡಿಕೆಯ ವಾಸನೆ ಬಂತು.

ತನ್ನದೇ ನಾಲ್ಕು ಮಾತು ಇನ್ನೂ ಬಾಯಲ್ಲಿ ಉಳಿದಿರುವಾಗಲೇ ಅವನು ಕಾಟಿಪಳ್ಳದ ಮಂತ್ರವಾದಿ ಬೋಜನಲ್ಲಿಗೆ ಓಡಿದ. ಸೇಸಪ್ಪ ಮಾಟ ಮಾಡಿಸಿದ್ದಾನೆ, ಕಿತ್ತು ತೆಗೆ ಎಂದು ಕಾಲು ಹಿಡಿದ. ಬೋಜ ನಿಂಬೆಹಣ್ಣು ಕೊಯ್ದು ನೋಡಿ, ಕೈ ಒರೆಸಿಕೊಂಡ.

"ಯಾರೂ ಮಾಡ್ಲಿಲ್ಲ ಮಾರಾಯ್ರೆ. ಹೆಸರು ಹಾಕಿ ನೀವೇ ಮಾಡಿಕೊಂಡದ್ದು. ಕಟ್ಟಿದವನೇ ಹಳೇ ಹೆಸರಿಟ್ಟು ಹಾಡಿದರೆ ಬಿಡ್ತದೆ."

ಕಟ್ಟಿದವನ ದನಿ ಇವನ ಗಂಟಲಲ್ಲೇ ಇತ್ತು. ಹಳೆಯ ಹೆಸರನ್ನು ಹೇಳಲು ಅವನು ಹೆಣಗಿದ. ನಾಲಿಗೆ ಹೊರಳಿದ್ದು ಲೀಲಾಧರನೆಂದೇ. ಅದಾದ ಮೇಲೆ ಆ ಸಾಲಲ್ಲದೆ ಬೇರೇನೂ ಹೊರಡಲಿಲ್ಲ.

ಮನೆಗೆ ಬಂದು ಬಾಯಿಗೆ ಬಟ್ಟೆ ತುರುಕಿಕೊಂಡು ಮೂಲೆಯಲ್ಲಿ ಕೂತ. ಅವನಿಗೆ ಜಗತ್ತಿನಲ್ಲಿದ್ದದ್ದು ಮಗಳು ಕುಮುದಿನಿಯೊಬ್ಬಳೇ. ಬಿಕರ್ನಕಟ್ಟೆಯ ಅತ್ತೆಮನೆಯಲ್ಲಿದ್ದವಳು ಸುದ್ದಿ ಕೇಳಿ ಸಂಜೆಗತ್ತಲಲ್ಲಿ ಓಡಿಬಂದಳು. ಬಟ್ಟೆ ಎಳೆದು ತೆಗೆದಳು. ಹಾಡು ಹೊಮ್ಮಿತು.

ಅವಳ ಕಣ್ಣು ತುಂಬಿತು. ತಂದೆ ಕೊನೆಗೂ ದೇವರನ್ನು ಕರೆಯುತ್ತಿದ್ದಾನೆ ಎಂದುಕೊಂಡಳು.

"ನಾನೂ ಹೇಳ್ತೇನೆ ಅಪ್ಪ. ಇಬ್ಬರೂ ಕೇಳಿಕೊಂಡರೆ ಗುಣ ಆಗ್ತದೆ."

ಅವನು ಅಡ್ಡಡ್ಡ ತಲೆಯಾಡಿಸಿದ. ನೆಲಕ್ಕೆ ಹಣೆ ಚಚ್ಚಿಕೊಂಡ. ಬೇಡ ಎನ್ನಲು ಬಾಯಿ ತೆರೆದ. ಹಾಡೇ ಬಂತು. ಅವಳ ಬಾಯಿ ಮುಚ್ಚಲು ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಹಾಡಿದಳು. ಕೊನೆಯ ಸಾಲಿನವರೆಗೂ ಹಾಡಿದಳು.

ಆಮೇಲೆ ಅಪ್ಪಾ ಎಂದು ಅವಳ ತುಟಿ ಆಡಿತು. ಸದ್ದಿಲ್ಲ. ಅವನ ಗಂಟಲಿನ ಗದ್ದಲದೊಳಗೆ ಮಗಳ ಎಳೆದನಿ ಬಂದು ಸೇರಿತು.