ವಿರುದ್ಧ ಎತ್ತಿದ ಕೈ

ಇಟ್ಟಿಗೆ ಕಿಟಕಿ ಒಡೆದು ಒಳಗೆ ಬಂದಾಗ ನಾನು ಬೋರ್ಡಿನ ಮೇಲೆ ಇಸವಿ ಬರೆಯುತ್ತಿದ್ದೆ. ಗಾಜಿನ ಚೂರು ಮುಂದಿನ ಬೆಂಚಿನ ಹುಡುಗಿಯ ಕೆನ್ನೆ ಸೀಳಿತು. ಅವಳ ರಕ್ತ ನೋಡಿ ನನಗೆ ಹೆದರಿಕೆಯಾಗಬೇಕಿತ್ತು, ಕೋಪ ಬಂತು. ಕಾಲೇಜಿನಲ್ಲಿ ನನಗೆ ಮೆಣಸಿನಕಾಯಿ ಮೇಡಂ ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ.

ನಾನು ಇತಿಹಾಸದ ಲೆಕ್ಚರರ್. ನಮ್ಮ ಕಾಲೇಜಿನ ಗೇಟಿನ ಎದುರು ಊರು ಕಟ್ಟಿದ ಸರದಾರನ ಪ್ರತಿಮೆ ಇದೆ. ಕುದುರೆಯ ಮೇಲೆ ಕೂತು ಕತ್ತಿ ಎತ್ತಿದ್ದಾನೆ. ಯುದ್ಧದ ದಿನ ಈ ಮಹಾಶಯ ತನ್ನ ಸೈನಿಕರನ್ನು ಕೋಟೆಯೊಳಗೆ ಬಿಟ್ಟು ಹಿಂಬಾಗಿಲಿನಿಂದ ಓಡಿಹೋದ ಎಂದು ಕ್ಲಾಸಿನಲ್ಲಿ ಹೇಳಿದೆ. ನಾನು ಕಟ್ಟಿದ ಕಥೆಯಲ್ಲ, ಅವನ ಕಾಲದ ಇಬ್ಬರು ಕಣ್ಣಾರೆ ಕಂಡು ಬರೆದಿಟ್ಟದ್ದು. ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರು, ಸಂಜೆಯೊಳಗೆ ಊರೆಲ್ಲ ಕೇಳಿತು.

ಕಾಲೇಜಿನ ಚೇರ್ಮನ್ನರು ತಾವು ಸರದಾರನ ವಂಶದವರೆಂದು ಹೇಳಿಕೊಳ್ಳುವವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೊದಲು ಉರಿ ಹತ್ತಿದ್ದು ಅವರಿಗೇ. ಅವರ ಕಡೆಯವರು ನನ್ನ ಸ್ಕೂಟರ್ ಸುಟ್ಟರು. ಆಮೇಲೆ ಈ ಇಟ್ಟಿಗೆ. ಪ್ರತಿಮೆಯ ಮುಂದೆ ನಿಂತು ಎಲ್ಲರೆದುರು ತಪ್ಪಾಯಿತು ಅನ್ನಬೇಕು, ಇಲ್ಲವಾದರೆ ಕೆಲಸವೂ ಉಳಿಯುವುದಿಲ್ಲ, ಜೀವವೂ ಉಳಿಯುವುದಿಲ್ಲ ಎಂದು ಹೇಳಿ ಕಳುಹಿಸಿದರು.

ನಮ್ಮ ಅಧ್ಯಾಪಕರ ಸಂಘ ಸಭೆ ಕರೆಯಿತು. ಸಂಘದ ಆಫೀಸೆಂದರೆ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಒಂದು ಕೋಣೆ. ಕೆಳಗೆ ಮಷೀನು ಓಡಿದರೆ ಮೇಲೆ ಕುರ್ಚಿಗಳು ನಡುಗುತ್ತವೆ. ಅಧ್ಯಕ್ಷೆ ಸಸ್ಯಶಾಸ್ತ್ರದ ಹಿರಿಯ ಮೇಡಂ, ನಮಗೆಲ್ಲ ದೊಡ್ಡಮ್ಮ. ಪಾಠದಲ್ಲಿ ಏನು ಹೇಳಬೇಕೆಂಬುದು ಪಾಠ ಮಾಡುವವರಿಗೆ ಬಿಟ್ಟದ್ದು, ಯಾರೂ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ, ದಿನವೂ ಸಂಘದವರೊಬ್ಬರು ನನ್ನ ಜೊತೆ ಮನೆಯಿಂದ ಕ್ಲಾಸಿಗೂ ಕ್ಲಾಸಿನಿಂದ ಮನೆಗೂ ನಡೆಯಬೇಕು ಎಂದು ನಿರ್ಣಯ ಮಂಡಿಸಿದರು. ಮೂವರ ಹೊರತು ಎಲ್ಲರೂ ಕೈ ಎತ್ತಿದರು.

ಆ ಮೂವರಲ್ಲಿ ಒಬ್ಬರು ಗಣಿತದ ಸೊನ್ನೆ ಮೇಷ್ಟ್ರು. ಸ್ಟೆಪ್ಸ್ ಬರೆಯದಿದ್ದರೆ ಉತ್ತರ ಸರಿಯಿದ್ದರೂ ಸೊನ್ನೆ ಕೊಡುವ ಮನುಷ್ಯ. ಇದೇ ನೆಪದಲ್ಲಿ ಮ್ಯಾನೇಜ್‌ಮೆಂಟ್ ಸಂಘವನ್ನೇ ಮುರಿಯುತ್ತದೆ, ಪರ್ಮನೆಂಟ್ ಆಗದ ಮೇಷ್ಟ್ರುಗಳು ಬೀದಿಗೆ ಬೀಳುತ್ತಾರೆ ಎಂದು ತಣ್ಣಗೆ ಹೇಳಿ, ನನ್ನ ಮುಖ ನೋಡಿಕೊಂಡೇ ವಿರುದ್ಧ ಕೈ ಎತ್ತಿದರು. ಹೇಡಿ ಎಂದು ಮನಸ್ಸಿನಲ್ಲೇ ಬೈದೆ. ಮನಸ್ಸಿನಲ್ಲೇ ಎಂದುಕೊಂಡಿದ್ದೆ, ಅಕ್ಕಪಕ್ಕದವರಿಗೂ ಕೇಳಿಸಿತ್ತಂತೆ.

ಆದರೆ ನಮ್ಮ ಸಂಘದಲ್ಲಿ ದೊಡ್ಡಮ್ಮ ಮಾಡಿದ ಒಂದು ನಿಯಮವಿದೆ. ಯಾವುದೇ ನಿರ್ಣಯವಾಗಲಿ, ಅದರ ವಿರುದ್ಧ ಕೈ ಎತ್ತಿದವರಿಗೇ ಅದನ್ನು ನಡೆಸುವ ಮೊದಲ ಪಾಳಿ. ಗೆದ್ದವರು ಹುರುಪಿನಲ್ಲಿ ಹೇಗೂ ಬರುತ್ತಾರೆ, ಸೋತವರು ಮುನಿಸಿಕೊಂಡು ಮನೆಯಲ್ಲಿ ಕೂತರೆ ಸಂಘ ಎರಡು ಹೋಳಾಗುತ್ತದೆ, ಅದಕ್ಕೇ ಮೊದಲು ಅವರ ಕೈಗೆ ಕೆಲಸ ಕೊಡಬೇಕು ಎಂಬುದು ಅವರ ವಾದ. ಈ ಸಲದ ಮೂವರಲ್ಲಿ ಒಬ್ಬರಿಗೆ ತಕ್ಷಣ ಬಿ.ಪಿ. ಏರಿತು, ಇನ್ನೊಬ್ಬರಿಗೆ ಮಾವನ ಮನೆ ನೆನಪಾಯಿತು. ಉಳಿದವರು ಸೊನ್ನೆ ಮೇಷ್ಟ್ರೊಬ್ಬರೇ, ಮೂವರ ಪಾಳಿಯೂ ಅವರ ತಲೆಗೇ ಬಂತು.

ಮಾರನೆಯ ಬೆಳಗ್ಗೆ ಬಾಗಿಲು ತೆರೆದರೆ ಅವರೇ ನಿಂತಿದ್ದರು. ತಲೆಗೊಂದು ಹೆಲ್ಮೆಟ್, ಕೈಯಲ್ಲೊಂದು ಹೆಲ್ಮೆಟ್.

"ಗಾಡಿ ಎಲ್ಲಿ?" ಎಂದೆ.

"ನನಗೆ ಗಾಡಿ ಓಡ್ಸಕ್ಕೆ ಬರಲ್ಲ."

"ಮತ್ತೆ ಹೆಲ್ಮೆಟ್ಟು?"

"ಇಟ್ಟಿಗೆ ಬರುತ್ತಲ್ಲ ಮೇಡಂ."

ನನ್ನ ಅಕ್ಕ ಒಳಗೆ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದೆಯಲ್ಲೇ ಎಂದು ವಾರದಿಂದ ಬೈಯುತ್ತಿದ್ದವಳು ಆ ದಿನ ಮೊದಲ ಸಲ ನಕ್ಕಳು.

ನಾನು ಹೆಲ್ಮೆಟ್ ಮುಟ್ಟಲಿಲ್ಲ. ಅವರು ಅದನ್ನು ಕಲ್ಲಂಗಡಿ ಹೊತ್ತ ಹಾಗೆ ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲಿ ನಡೆದರು. ನನ್ನದು ಬಿರುಸು ನಡಿಗೆ, ಅವರದು ಲೆಕ್ಕ ಹಾಕಿ ಇಡುವ ಹೆಜ್ಜೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದಕ್ಕೆ ನಾವೇ ಸಾಕ್ಷಿ. ವಿರುದ್ಧ ಇದ್ದವರು ಯಾಕೆ ಬಂದಿರಿ ಎಂದು ಚುಚ್ಚಿದೆ.

"ವಿರುದ್ಧ ಇದ್ದೆ ಮೇಡಂ, ಹೊರಗಿರಲಿಲ್ಲ," ಎಂದರು.

ಆ ಮಾತು ದಿನವೆಲ್ಲ ಕಿವಿಯಲ್ಲಿ ಉಳಿಯಿತು. ಅದಕ್ಕೂ ನನಗೆ ಸಿಟ್ಟೇ ಬಂತು.

ಆ ವಾರದ ಕೊನೆಗೆ ಮಾರ್ಕೆಟ್ ತಿರುವಿನಲ್ಲಿ ಕಲ್ಲೊಂದು ಬಂದು ನನ್ನ ಭುಜಕ್ಕೆ ಬಡಿಯಿತು. ಅವರು ಹೆಲ್ಮೆಟ್ ಚಾಚಿದರು. ನೋವಿಗೆ ನನ್ನ ಕೈ ಏಳುತ್ತಿರಲಿಲ್ಲ, ಹೆಲ್ಮೆಟ್ಟಿನ ಪಟ್ಟಿ ಅವರೇ ಹಾಕಬೇಕಾಯಿತು. ಗದ್ದದ ಕೆಳಗೆ ಅವರ ಬೆರಳು ಎಷ್ಟು ನಡುಗುತ್ತಿತ್ತೆಂದರೆ ಕಲ್ಲು ಬಿದ್ದದ್ದು ನನಗೋ ಅವರಿಗೋ ಎಂದು ಅನುಮಾನವಾಯಿತು.

ಅಂದಿನಿಂದ ಇಬ್ಬರೂ ಹೆಲ್ಮೆಟ್ ಹಾಕಿಕೊಂಡೇ ನಡೆದೆವು. ಗಾಜಿನ ಹಿಂದೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಏನಾದರೂ ರೇಗಿಸಿದರೆ ಅವರು ಒಳಗೊಳಗೇ ನಗುವರು, ಕನ್ನಡಕಕ್ಕೆ ಹಬೆ ಕಟ್ಟುವುದು, ಆಮೇಲೆ ದಾರಿ ಕಾಣದೆ ನನ್ನ ತೋಳಿಗೆ ತಗಲುವರು. ಕೆಲವು ಮಾತುಗಳನ್ನು ನಾನು ಅದಕ್ಕೆಂದೇ ಆಡಿದೆ.

ಹೊಡೆತ ಬಿದ್ದದ್ದು ಹಾಡಹಗಲಲ್ಲಿ, ಲೈಬ್ರರಿಯ ಮೆಟ್ಟಿಲ ಮೇಲೆ. ನಾಲ್ವರು ಬಂದರು. ಮುಖಕ್ಕೆ ಕರವಸ್ತ್ರ, ಕೈಯಲ್ಲಿ ಕಬ್ಬಿಣದ ರಾಡು. ನಾವಿಬ್ಬರೂ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದೆವು. ಮುಂದಿದ್ದವನು ರಾಡು ಎತ್ತಿದ, ಸೊನ್ನೆ ಮೇಷ್ಟ್ರನ್ನು ನೋಡಿ ಕೈ ತಡೆದ.

"ಸರ್, ನೀವು ಸ್ವಲ್ಪ ಸರೀರಿ. ನಿಮಗಲ್ಲ."

ಅವರದೇ ಕ್ಲಾಸಿನ ಹುಡುಗ. ಕೊಲ್ಲಲು ಬಂದಿದ್ದರೂ ಮೇಷ್ಟ್ರಿಗೆ ಕೊಡುವ ಮರ್ಯಾದೆ ಮರೆತಿರಲಿಲ್ಲ. ರಾಡಿಗಿಂತ ಆ ಮರ್ಯಾದೆಗೇ ನಾನು ಹೆದರಿದೆ.

"ಆಗಲ್ಲಪ್ಪ," ಎಂದರು ಅವರು.

ರಾಡು ನನ್ನ ತಲೆಗೆ ಬರುತ್ತಿತ್ತು, ಅವರು ಬಲಗೈ ಅಡ್ಡ ಕೊಟ್ಟರು. ಮೂಳೆ ಮುರಿದದ್ದು ಒಣಕಟ್ಟಿಗೆ ಮುರಿದ ಹಾಗೆ ಕೇಳಿಸಿತು. ಅವರಿಗೆ ಹೊಡೆದಾಡಲು ಬರುವುದಿಲ್ಲ. ಕೆಳಗೆ ಬಿದ್ದು ಆ ಹುಡುಗನ ಕಾಲು ತಬ್ಬಿಕೊಂಡರು, ಬೆನ್ನಿಗೆ ಒದೆ ಬಿದ್ದರೂ ಬಿಡಲಿಲ್ಲ. ನನಗೆ ಬರುತ್ತದೆ ಎಂಬುದು ಅವತ್ತು ಗೊತ್ತಾಯಿತು. ಹೆಲ್ಮೆಟ್ಟಿನ ಪಟ್ಟಿ ಹಿಡಿದು ಬೀಸಿದೆ. ಒಬ್ಬನ ಮೂಗು ಒಡೆದದ್ದು ನನ್ನ ಕೈಗೆ ತಿಳಿಯಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಇನ್ನೊಬ್ಬನ ಮಣಿಕಟ್ಟಿಗೆ ಹಲ್ಲು ಹಾಕಿದೆ, ಬಾಯಲ್ಲಿ ಉಪ್ಪುಪ್ಪು ರಕ್ತ. ಅಷ್ಟರಲ್ಲಿ ನನ್ನ ಹುಬ್ಬಿನ ಮೇಲೆ ರಾಡು ಬಿತ್ತು, ಒಂದು ಕಣ್ಣು ಕೆಂಪಗೆ ಮುಚ್ಚಿತು. ಪಿ.ಟಿ. ಮೇಷ್ಟ್ರೂ ಲೈಬ್ರರಿಯವರೂ ಕೂಗುತ್ತಾ ಓಡಿ ಬಂದರು, ನಾಲ್ವರೂ ಕಾಲಿಗೆ ಬುದ್ಧಿ ಹೇಳಿದರು.

"ನಿಮಗೇನೂ ಆಗ್ಲಿಲ್ಲ ತಾನೆ?" ಎಂದರು ಸೊನ್ನೆ ಮೇಷ್ಟ್ರು ನೆಲದ ಮೇಲಿನಿಂದ.

"ಮುಖದ ತುಂಬ ರಕ್ತ ಸುರೀತಿದೆ, ಕಾಣ್ಸಲ್ವಾ?"

"ಕನ್ನಡಕ ಇಲ್ಲ ಮೇಡಂ. ಕಾಣ್ಸಲ್ಲ."

ಆ ಮೆಟ್ಟಿಲ ಮೇಲೆ, ಆ ರಕ್ತದಲ್ಲಿ ಕೂತು ನಾನು ನಕ್ಕೆ. ಈ ಮನುಷ್ಯನನ್ನು ಬಿಟ್ಟಿರಲು ನನ್ನಿಂದ ಆಗುವುದಿಲ್ಲ ಎಂದು ಆಗಲೇ ತಿಳಿದುಹೋಯಿತು.

ಆಸ್ಪತ್ರೆಯಲ್ಲಿ ಅವರ ಕೈಗೆ ಪ್ಲಾಸ್ಟರ್ ಹಾಕಿದರು, ನನ್ನ ಹುಬ್ಬಿಗೆ ಹೊಲಿಗೆ. ಅಕ್ಕ ಹೊಲಿಗೆ ನೋಡಿ, ಹಾಕಿದವರ ಕೈ ಚೆನ್ನಾಗಿಲ್ಲ, ನನಗೆ ಕೊಟ್ಟಿದ್ದರೆ ಇನ್ನೂ ನೀಟಾಗಿ ಹಾಕುತ್ತಿದ್ದೆ ಎಂದು ಹೇಳಿ ಹೊರಗೆ ಹೋಗಿ ಅತ್ತಳು. ಆ ಹುಡುಗ ಸರೀರಿ ಎಂದಾಗ ಯಾಕೆ ಸರಿಯಲಿಲ್ಲ ಎಂದು ಅವರನ್ನು ಕೇಳಿದೆ. ಪಾಳಿ ಮುಗಿದಿರಲಿಲ್ಲ ಎಂದರು. ನನಗೆ ಬೇಕಿದ್ದ ಉತ್ತರ ಅದಾಗಿರಲಿಲ್ಲ.

ಸಂಜೆ ಪ್ರಿನ್ಸಿಪಾಲರು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ಸೋಮವಾರ ಪ್ರತಿಮೆಯ ಮುಂದೆ ಎರಡು ಮಾತು ಹೇಳಿಬಿಡಿ, ಇಲ್ಲವಾದರೆ ನಿಮ್ಮ ಕೆಲಸ ಹೋಗುತ್ತದೆ, ಸಂಘ ನಿಮ್ಮ ಹಿಂದೆ ನಿಂತರೆ ಪರ್ಮನೆಂಟ್ ಆಗದವರ ಕೆಲಸವೂ ಹೋಗುತ್ತದೆ ಎಂದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ನೋಡಿ, ಎಂದು ಬುದ್ಧಿ ಬೇರೆ ಹೇಳಿದರು.

"ಕೋಲು ಮುರಿದಾಯ್ತು ಸರ್. ಅಗೋ, ಆ ಮಂಚದ ಮೇಲೆ ಮಲಗಿದೆ," ಎಂದೆ.

ಭಾನುವಾರ ಮತ್ತೆ ಸಭೆ. ತಪ್ಪಾಯಿತು ಅನ್ನುವುದಿಲ್ಲ, ಸೋಮವಾರ ಮುಂದಿನ ಗೇಟಿನಿಂದಲೇ ಹೋಗಿ ಅದೇ ಪಾಠವನ್ನು ಮತ್ತೆ ಮಾಡುತ್ತೇನೆ ಎಂದು ಹೇಳಿದೆ. ಗೇಟಿನಲ್ಲಿ ಚೇರ್ಮನ್ನರ ಕಡೆಯವರು ಆಗಲೇ ಕಲ್ಲಿನ ರಾಶಿ ಹಾಕಿಕೊಂಡಿದ್ದರು. ನನ್ನ ಪಕ್ಕದಲ್ಲಿ ನಡೆಯುವವರಿಗೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಪಿ.ಟಿ. ಮೇಷ್ಟ್ರೂ ಇನ್ನಿಬ್ಬರು ಗಟ್ಟಿಯಾಳುಗಳೂ ಪಕ್ಕದಲ್ಲಿರಲಿ, ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಪಾಳಿ ಇಲ್ಲ, ಅವರು ಮನೆಯಲ್ಲಿ ಮಲಗಲಿ ಎಂದರು ದೊಡ್ಡಮ್ಮ. ಆಮೇಲೆ ನಿರ್ಣಯವನ್ನು ಓಟಿಗೆ ಹಾಕಿದರು.

ಮೊದಲು ಎದ್ದ ಕೈಗಳು ಪರ್ಮನೆಂಟ್ ಆಗದವರದು. ಅವರ ಹಿಂದೆ ಉಳಿದವರೆಲ್ಲರದು.

"ವಿರುದ್ಧ ಇರೋರು?" ಎಂದರು ದೊಡ್ಡಮ್ಮ, ಮಾತಿಗೆ ಕೇಳಬೇಕಲ್ಲ ಎಂದು ಕೇಳಿದ ಹಾಗೆ.

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಬೆಳ್ಳಗೆ, ಮೊಣಕೈ ತನಕ ಪ್ಲಾಸ್ಟರು.

ಕುರ್ಚಿ ಒದ್ದು ಹೊರಗೆ ಬಂದೆ. ಮೆಟ್ಟಿಲಲ್ಲಿ ಹಿಂದೆ ಅದೇ ಹೆಜ್ಜೆಯ ಸದ್ದು ಕೇಳಿಸಿತು. ತಿರುಗಿ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ಕೆಳಗೆ ಪ್ರೆಸ್ಸಿನ ಮಷೀನು ದಡಬಡ ಓಡುತ್ತಿತ್ತು.

"ನೀನು ಮನುಷ್ಯನಾ?" ಎಂದೆ. ನೀವು ಹೋಗಿ ನೀನು ಯಾವಾಗ ಬಂತೋ ತಿಳಿಯಲಿಲ್ಲ. "ಕೈ ಮುರಿಸಿಕೊಂಡ ಮೇಲೂ ನನ್ನ ವಿರುದ್ಧಾನಾ?"

"ಎದ್ದ ಕೈ ಎಲ್ಲಾ ಎಣಿಸಿದೆ. ನಿರ್ಣಯ ಗೆದ್ದಾಗಿತ್ತು. ಆಮೇಲೇ ಎತ್ತಿದ್ದು."

"ಅದಕ್ಕೇನೀಗ?"

ದಡ್ಡ ವಿದ್ಯಾರ್ಥಿಯನ್ನು ಕೇಳುವ ದನಿಯಲ್ಲಿ ಅವನು ಕೇಳಿದ. "ಸಂಘದ ನಿಯಮ ಏನು? ಹೇಳಿ ನೋಡೋಣ."

ಕೋಪ ಬಂದರೆ ನನಗೆ ಒಂದಕ್ಕೆ ಒಂದು ಕೂಡಿಸಲೂ ಬರುವುದಿಲ್ಲ. ಆ ಕ್ಷಣದಲ್ಲಿ ಬಂತು. ವಿರುದ್ಧ ಎತ್ತಿದವರಿಗೆ ಮೊದಲ ಪಾಳಿ. ಮೇಲೆ ದೊಡ್ಡಮ್ಮನಿಗೂ ಆಗ ತಾನೆ ಹೊಳೆದಿರಬೇಕು. ಲೇ ಸೊನ್ನೆ, ನನ್ನ ನಿಯಮಾನ ನನಗೇ ತಿರುಗಿಸ್ತೀಯೇನೋ, ಎಂದು ಕೂಗಿದ್ದು ಮೆಟ್ಟಿಲ ತನಕ ಕೇಳಿಸಿತು.

"ಆ ಕಲ್ಲಿಗೆ ನೀವು ಎದುರಾಗಿ ನಡೆಯೋದು, ನಾನು ಮನೇಲಿ ಮಲಗಿರೋದು, ನನ್ನಿಂದ ಆಗಲ್ಲ," ಎಂದ. "ಇದಕ್ಕೆ ಪ್ರೀತಿ ಅಂತಾರೆ ಅನ್ಸುತ್ತೆ. ಸ್ಟೆಪ್ಸ್ ನನಗೆ ಗೊತ್ತಿಲ್ಲ."

"ಉತ್ತರ ಸರಿ ಇದೆ," ಎಂದೆ. "ನಾನು ನಿನ್ನ ಹಾಗೆ ಸೊನ್ನೆ ಕೊಡೋಳಲ್ಲ."

ಪ್ಲಾಸ್ಟರಿನ ಮೇಲೆ ಹಣೆಯಿಟ್ಟು ಅತ್ತೆ. ಹೊಲಿಗೆ ಎಳೆದು ನೋಯುತ್ತಿತ್ತು, ನೋಯಲಿ ಬಿಡು ಎನಿಸಿತು.

ಸೋಮವಾರ ಗೇಟಿನಿಂದ ಕ್ಲಾಸಿನ ತನಕ ಕಲ್ಲು ಬಿತ್ತು. ಸಂಘದವರೆಲ್ಲ ಹಿಂದೆ ಇದ್ದರು, ಮುಂದೆ ನಾವಿಬ್ಬರು. ಯಾವ ಪಕ್ಕ ಯಾರು ನಡೆಯಬೇಕೆಂದು ದಾರಿಯುದ್ದಕ್ಕೂ ಜಗಳವಾಡಿದೆವು. ಅವನ ಮುರಿದ ಕೈ ಇದ್ದ ಕಡೆ ನಾನೇ ನಿಂತೆ. ಅವನ ಹೆಲ್ಮೆಟ್ಟಿನ ಗಾಜು ಪುಡಿಯಾಯಿತು, ನನ್ನ ಮೊಣಕಾಲಿನಿಂದ ರಕ್ತ ಇಳಿದು ಚಪ್ಪಲಿ ಜಾರತೊಡಗಿತು. ಪಿ.ಟಿ. ಮೇಷ್ಟ್ರ ಕಿವಿ ಹರಿಯಿತು. ದೊಡ್ಡಮ್ಮನ ಕೊಡೆ ಮುರಿಯಿತು, ಮುರಿದ ಕೊಡೆಯಲ್ಲೇ ಅವರು ಒಬ್ಬನ ಬೆನ್ನಿಗೆ ಬಾರಿಸಿದರು. ಪ್ರತಿಮೆಯ ಕುದುರೆಯ ಕೆಳಗೆ ಚೇರ್ಮನ್ನರು ನಿಂತಿದ್ದರು. ನಾನು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಕ್ಲಾಸು ಅರ್ಧ ತುಂಬಿತ್ತು. ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡ ಹುಡುಗಿ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಿದೆ.

"ಓಡಿಹೋದ ಹತ್ರ, ಮೇಡಂ," ಎಂದಳು.

ಪಾಠ ಪೂರ್ತಿ ಮಾಡಿದೆ. ಕೋಟೆಯೊಳಗೆ ಉಳಿದವರು ಏನಾದರು ಎಂದು ಆ ಹುಡುಗಿಯೇ ಕೇಳಿದಳು. ಬಾಗಿಲು ಕಾದು ಅಲ್ಲೇ ಸತ್ತರು, ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂದೆ. ಅವನು ಹಿಂದಿನ ಬೆಂಚಿನಲ್ಲಿ ಪ್ಲಾಸ್ಟರ್ ಕೈ ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದ. ಬೆಲ್ ಹೊಡೆಯುವ ಹೊತ್ತಿಗೆ ಜವಾನ ಬಂದು ನನ್ನನ್ನು ಕೆಲಸದಿಂದ ತೆಗೆದ ಆರ್ಡರು ಕೊಟ್ಟು, ತಲೆ ತಗ್ಗಿಸಿಕೊಂಡು ಹೋದ. ಸಂಘದವರು ಆಗಲೇ ಕ್ಲಾಸು ಬಿಟ್ಟು ಗೇಟಿನಲ್ಲಿ ಧರಣಿ ಕೂತಾಗಿತ್ತು.

ಹುಡುಗರೆಲ್ಲ ಹೊರಟುಹೋದರು. ಬೆಳಗಿನ ಕಲ್ಲಿಗೆ ಗಾಜು ಒಡೆದು ಹರಡಿದ ಕ್ಲಾಸಿನಲ್ಲಿ ನಾವಿಬ್ಬರೇ.

"ಒಂದು ನಿರ್ಣಯ ಮಂಡಿಸ್ತೀನಿ," ಎಂದೆ. "ಕೆಲಸ ಇರಲಿ ಬಿಡಲಿ, ಇನ್ನು ಮೇಲೆ ನಾವಿಬ್ಬರೂ ಒಂದೇ ಮನೇಲಿರಬೇಕು. ವಿರುದ್ಧ ಇರೋರು?"

ಪ್ಲಾಸ್ಟರ್ ಕೈ ಎದ್ದಿತು. ಅವನ ಮುಖ ನೋಡಿಕೊಂಡೇ ನಾನೂ ಕೈ ಎತ್ತಿದೆ.

"ಇಬ್ಬರೂ ವಿರುದ್ಧ ಆದ್ರೆ ನಿರ್ಣಯ ಬಿದ್ದುಹೋಗುತ್ತೆ," ಎಂದ ಲೆಕ್ಕದ ಮನುಷ್ಯ.

"ಬೀಳಲಿ ಬಿಡು. ಮೊದಲ ಪಾಳಿ ಇಬ್ಬರಿಗೂ ಸಿಕ್ತಲ್ಲ."

ಹೊರಗೆ ಗೇಟಿನ ಕಡೆ ಇನ್ನೊಂದು ಗಾಜು ಒಡೆಯಿತು, ಕೂಗಾಟ ಎದ್ದಿತು. ಹೋಗಬೇಕಿತ್ತು. ಅವನು ಎಡಗೈಯಲ್ಲಿ ನನ್ನ ಹೆಲ್ಮೆಟ್ ಎತ್ತಿಕೊಟ್ಟ. ನನ್ನ ಪಟ್ಟಿ ಹಾಕಿಕೊಂಡು, ಅವನ ಗದ್ದದ ಕೆಳಗಿನ ಪಟ್ಟಿಯನ್ನೂ ನಾನೇ ಹಾಕಿದೆ. ಈ ಸಲ ನಡುಗಿದ್ದು ನನ್ನ ಬೆರಳು.