ಉಮಾದೇವಿಯ ಪ್ಲಾಸ್ಮಾ ಯಾಕೆ ಹೊತ್ತಲಿಲ್ಲ?

"ಬ್ಯಾಡ್ರಿ! ಅದನ್ನ ಮುಟ್ಟಬ್ಯಾಡ್ರಿ!"

ಮೌಸ್ ಮೇಲಿದ್ದ ದತ್ತಾತ್ರಿಯ ಕೈಯನ್ನು ಉಮಾದೇವಿ ಗಟ್ಟಿಯಾಗಿ ಹಿಡಿದುಬಿಟ್ಟಳು. ಹಿಡಿದ ಮೇಲೆ ಅವಳಿಗೇ ಗಾಬರಿ... ಆದರೂ ಬಿಟ್ಟಳೇ? ಇಲ್ಲ!

ಅದು 2004. ಹುಮನಾಬಾದಿನಲ್ಲಿ ದತ್ತಾತ್ರಿ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿಗೆ ಅವಳು ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಬಸವಕಲ್ಯಾಣದಿಂದ ಬರುತ್ತಿದ್ದಳು. ಆರ್ಗಾನ್ ಅನಿಲ ವಿದ್ಯುತ್ತಿನ ಬಲದಿಂದ ಪ್ಲಾಸ್ಮಾ ಆಗಿ ಹೊತ್ತಿ ಬೆಳಗುವುದನ್ನು ಸಾಫ್ಟ್‌ವೇರಿನಲ್ಲಿ ತೋರಿಸಬೇಕಿತ್ತು. ಎಲೆಕ್ಟ್ರಾನು ಪರಮಾಣುವಿಗೆ ಬಡಿದರೆ ಏನಾಗುವ ಸಾಧ್ಯತೆ ಎಷ್ಟು ಎಂದು ಹೇಳುವುದು ಕ್ರಾಸ್ ಸೆಕ್ಷನ್ ಕೋಷ್ಟಕ. ಒಂದೊಂದು ಬಗೆಯ ಡಿಕ್ಕಿಗೆ ಒಂದೊಂದು ಕೋಷ್ಟಕ ಜೋಡಿಸಬೇಕು. ಅವಳ ಪ್ಲಾಸ್ಮಾ ಮಾತ್ರ ತಿಂಗಳುಗಟ್ಟಲೆ ಹೊತ್ತಿರಲೇ ಇಲ್ಲ.

"ತಪ್ಪು ಇಲ್ಲೇ ಅದ ನೋಡ್ರಿ," ದತ್ತಾತ್ರಿ ಪರದೆ ತೋರಿಸಿದ. "ಹೊಸ ಎಲೆಕ್ಟ್ರಾನ್ ಹುಟ್ಟಿಸೋ ಡಿಕ್ಕಿಗೆ ಬ್ಯಾರೆ ಡಿಕ್ಕಿ ಕೋಷ್ಟಕ ಹಚ್ಚೀರಿ. ಹೊಸಾದು ಹುಟ್ಟದಿದ್ರ ಹ್ಯಾಂಗ ಹೊತ್ತಬೇಕು? ನಾನೇ ಸರಿ ಮಾಡ್ತೇನಿ. ನಿಮ್ಮ ಲಗ್ನ ಗಟ್ಟಿ ಆಗ್ಯಾದಂತ... ಖುಷಿಲೆ ಹೋಗ್ರಿ."

ಖುಷಿಲೆ! 'ಎಷ್ಟು ಸಲೀಸಾಗಿ ಕಳಿಸಿಕೊಡುತ್ತಾನಲ್ಲ...' ಎಂದುಕೊಂಡಳು.

"ತಪ್ಪು ಅಂತ ನನಗ ಗೊತ್ತದ. ಗೊತ್ತಿದ್ದೇ ಹಚ್ಚೀನಿ!"

"ಗೊತ್ತಿದ್ದೇ? ಯಾಕ್ರಿ?" ದತ್ತಾತ್ರಿ ಕೇಳಿದ.

"ಪ್ರಾಜೆಕ್ಟ್ ಮುಗಿಯೂತನಾ ಹೋಗು ಅಂದಾನ ನಮ್ಮಪ್ಪ. ಮುಗೀತಂದ್ರ ಹೊಸ್ತಿಲಾ ದಾಟಂಗಿಲ್ಲ. ಆಮ್ಯಾಲ ಮುಖಾನೇ ನೋಡದವನ ಮನಿ... ದಿನಾ ಉಸಿರು ಕಟ್ಟತದ. ಇಲ್ಲಿ ಬಂದು ಕುಂತಾಗಷ್ಟೇ..."

"ಇಲ್ಲಿ ಏನದ್ರಿ, ಎರಡು ಹಳೇ ಕಂಪ್ಯೂಟರ್..."

"ನೀವದೀರಿ!"

ಹೇಳಿಯೇಬಿಟ್ಟಳು! ಮರುಕ್ಷಣ ನಾಚಿಕೆಯಿಂದ ತಲೆ ತಗ್ಗಿಸಿದಳು.

"ನಿಮಗ ಆ ವರ ಮನಸಿಗಿ ಬಂದಾನಂತ ತಿಳಿದಿದ್ದೆ," ಅವನು ಅವಳತ್ತ ತಿರುಗಿದ. "ಎದಿ ಕಲ್ಲ ಮಾಡ್ಕೊಂಡು ಇದನ್ನ ಸರಿ ಮಾಡಾಕ ಕುಂತೆ. ಉಮಾ... ಹಿಂಗೇ ಬಿಟ್ರ ಡಿಗ್ರಿ ಹೋಗ್ತದ, ಲಗ್ನ ಮಾತ್ರ ನಿಲ್ಲಂಗಿಲ್ಲ. ಇವತ್ತೇ ನಮ್ಮವ್ವನ ಕರ್ಕೊಂಡು ನಿಮ್ಮ ಬಸ್ಸಿಗೇ ಬರ್ತೇನಿ. ನಿಮ್ಮಪ್ಪಗ ಕೇಳ್ತೇನಿ."

"ಬೈದು ಕಳಿಸ್ತಾನ."

"ನಾಳಿ ಮತ್ತ ಬರ್ತೇನಿ."

ಉಮಾದೇವಿ ಕಣ್ಣೊರೆಸಿಕೊಂಡಳು. "ಆ ಲಗ್ನ ಬ್ಯಾಡಂತ ಮೊದಲ ನಾನೇ ಹೇಳತೇನಿ. ಆಮ್ಯಾಲ ನೀವು ಮಾತಾಡ್ರಿ."

ಅವನ ಕೈ ಸರಿಸಿ, ಸರಿಯಾದ ಕೋಷ್ಟಕವನ್ನು ತಾನೇ ಜೋಡಿಸಿದಳು. ರನ್ ಒತ್ತಿದಳು. ಪರದೆಯ ಮೇಲೆ ಎಲೆಕ್ಟ್ರಾನುಗಳ ಎಣಿಕೆ ಸರಸರ ಏರಿತು; ಪ್ಲಾಸ್ಮಾ ಹೊತ್ತಿಕೊಂಡಿತು.

"ಆತು... ಇನ್ನ ಇಲ್ಲಿ ಬರಾಕ ನನಗ ನೆವ ಇಲ್ಲ."

"ನೆವ ಯಾಕ ಬೇಕ್ರಿ?" ದತ್ತಾತ್ರಿ ಮೆಲ್ಲಗೆ ನಕ್ಕ. "ಇನ್ನ ಬರಾಂವ ನಾನು."